ತಿರುಗಿ ಬಾರದವರ ಲೆಕ್ಕ: ಗುಡ್ಡ, ಮೋಡ ಮತ್ತು ಸಣ್ಣ ವಿಮಾನ

(ಕಲಬುರಗಿಯ ಗಾಜಿಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ದತ್ತಿ ಉಪನ್ಯಾಸ ಅಂದರೆ ವಚನವೋ ತತ್ವಪದವೋ ಇರುತ್ತದೆ ಎಂದುಕೊಂಡು ಬಂದವರು ಇವತ್ತು ನನ್ನನ್ನು ಕ್ಷಮಿಸಬೇಕು. ವಿಷಯ ನಾನೇ ಆರಿಸಿಕೊಂಡದ್ದು. ವಾಯುಪಡೆಯ ಹವಾಮಾನ ವಿಭಾಗದಲ್ಲಿ ನೌಕರಿ ಮಾಡಿ ನಿವೃತ್ತನಾದವನು ನಾನು. ಬೆಳಗಿನ ಜಾವ ಎದ್ದು ಮೋಡ ನೋಡುವುದು, ಅದರ ತಳ ಎಷ್ಟು ಅಡಿ ಮೇಲಿದೆ ಎಂದು ಬರೆದಿಡುವುದು, ಪೈಲಟ್ ಬಂದು ಕೇಳಿದರೆ ಹೇಳುವುದು, ಇಷ್ಟೇ ನನ್ನ ವಿದ್ಯೆ. ಆ ವಿದ್ಯೆಯಿಂದ ಒಂದು ಮಾತು ಹೇಳಬಹುದು ಅನ್ನಿಸಿದ್ದರಿಂದ ಒಪ್ಪಿಕೊಂಡೆ.

ನಮ್ಮ ಸೇಡಂ ರಸ್ತೆಯಿಂದಲೇ ಹೊರಡೋಣ. ಆ ರಸ್ತೆಯಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಇದೆ. ಅದೇ ರಸ್ತೆ ಹಿಡಿದು ಊರಾಚೆ ಹೋದರೆ ಶ್ರೀನಿವಾಸ ಸರಡಗಿ ಹತ್ತಿರ ವಿಮಾನ ನಿಲ್ದಾಣ, ಉದ್ಘಾಟನೆಯಾದದ್ದು 2019ರ ನವೆಂಬರ್ 22ರಂದು. ಆ ಕಾಲೇಜಿನಲ್ಲಿ ಎಂಬಿಬಿಎಸ್ ಓದಿ, ವಿದ್ಯಾರ್ಥಿ ಸಂಘದ ಅಧ್ಯಕ್ಷನೂ ಆಗಿ ಇಲ್ಲಿನ ಬಿಸಿಲು ಉಂಡು ಹೋದ ಕಡಪ ಜಿಲ್ಲೆಯ ಹುಡುಗನೊಬ್ಬ ಮುಂದೆ ಆಂಧ್ರಪ್ರದೇಶದ ಮುಖ್ಯಮಂತ್ರಿಯಾದರು. ಡಾ. ವೈ.ಎಸ್. ರಾಜಶೇಖರ ರೆಡ್ಡಿ. ಅವರ ಜೊತೆ ಓದಿದ ಡಾಕ್ಟರುಗಳು ಈ ಊರಿನಲ್ಲಿ ಇನ್ನೂ ಇದ್ದಾರೆ. ಆದ್ದರಿಂದ 2009ರ ಸೆಪ್ಟೆಂಬರ್ 2ರ ಬುಧವಾರ ಕಲಬುರಗಿಗೆ ಬರೀ ಪಕ್ಕದ ರಾಜ್ಯದ ಸುದ್ದಿಯಾಗಿರಲಿಲ್ಲ.

ಅವತ್ತು ಬೆಳಿಗ್ಗೆ 8 ಗಂಟೆ 38 ನಿಮಿಷಕ್ಕೆ ಹೈದರಾಬಾದಿನ ಬೇಗಂಪೇಟೆಯಿಂದ ಬೆಲ್ 430 ಹೆಲಿಕಾಪ್ಟರ್ ಮೇಲೆದ್ದಿತು. ಚಿತ್ತೂರು ಜಿಲ್ಲೆಯಲ್ಲಿ ರಚ್ಚಬಂಡ ಕಾರ್ಯಕ್ರಮ. ಹಳ್ಳಿಯ ಕಟ್ಟೆಯ ಮೇಲೆ ಕುಳಿತು ಜನರ ಅಹವಾಲು ಕೇಳುವ ಕಾರ್ಯಕ್ರಮ. ಒಳಗೆ ಇದ್ದವರು ಐವರು: ಮುಖ್ಯಮಂತ್ರಿ, ಅವರ ಪ್ರಧಾನ ಕಾರ್ಯದರ್ಶಿ, ಮುಖ್ಯ ಭದ್ರತಾ ಅಧಿಕಾರಿ, ಇಬ್ಬರು ಪೈಲಟ್‌ಗಳು. ಒಂದು ತಾಸು ಕಳೆಯುವುದರೊಳಗೆ ಸಂಪರ್ಕ ಕಡಿಯಿತು. ಸುಖೋಯ್ ಯುದ್ಧ ವಿಮಾನಗಳು ಹುಡುಕಿದವು, ಇಸ್ರೋದ ರಿಸ್ಯಾಟ್-2 ಉಪಗ್ರಹ ಹುಡುಕಿತು, ಕಾಡಿನಲ್ಲಿ ಕೇಂದ್ರ ಮೀಸಲು ಪಡೆಯವರು ಕಾಲ್ನಡಿಗೆಯಲ್ಲಿ ಹುಡುಕಿದರು. ಮರುದಿನ ಬೆಳಿಗ್ಗೆ ಕರ್ನೂಲಿನ ಪೂರ್ವಕ್ಕೆ ನಲ್ಲಮಲದ ರುದ್ರಕೊಂಡ ಎಂಬ ಗುಡ್ಡದ ಮೇಲೆ ಅವಶೇಷ ಸಿಕ್ಕಿತು. ಯಾರೂ ಉಳಿದಿರಲಿಲ್ಲ.

ಆರ್.ಕೆ. ತ್ಯಾಗಿ ಅವರ ಅಧ್ಯಕ್ಷತೆಯ ತನಿಖಾ ಸಮಿತಿ ಹೇಳಿದ್ದನ್ನು ಸ್ವಲ್ಪ ನಿಂತು ನೋಡಬೇಕು. ಹಾರಾಟದ ನಡುವೆ ಗೇರ್‌ಬಾಕ್ಸಿನ ಎಣ್ಣೆಯ ಒತ್ತಡ ತೋರಿಸುವ ಮಾಪಕದಲ್ಲಿ ಏನೋ ಏರುಪೇರು ಕಂಡಿತು. ಪೈಲಟ್‌ಗಳಿಬ್ಬರೂ ಅದಕ್ಕೆ ಏನು ಮಾಡಬೇಕೆಂದು ಹುಡುಕುವುದರಲ್ಲಿ ಆರು ನಿಮಿಷಕ್ಕೂ ಹೆಚ್ಚು ಹೊತ್ತು ಕಳೆದರು. ಆ ಆರು ನಿಮಿಷದಲ್ಲಿ ಮುಂದಿನ ಮೋಡದ ಕಡೆ ಇರಬೇಕಾದ ಗಮನ ಕೈಪಿಡಿಯ ಹಾಳೆಗಳ ಕಡೆ ಇತ್ತು. ಹೆಲಿಕಾಪ್ಟರ್ ಕೆಳಮುಖ ಗಾಳಿಯ ಹೊಡೆತಕ್ಕೆ ಸಿಕ್ಕಿ, ಹಿಡಿತ ತಪ್ಪಿ, ಅತಿ ವೇಗದಲ್ಲಿ ಇಳಿದು ಗುಡ್ಡಕ್ಕೆ ಬಡಿಯಿತು. ನಾವು ವಾಯುಪಡೆಯಲ್ಲಿ ಸಿಬಿ ಎಂದೂ, ರೇಡಿಯೊದಲ್ಲಿ ಚಾರ್ಲಿ ಬ್ರಾವೋ ಎಂದೂ ಕರೆಯುವ ಗುಡುಗು ಮೋಡದ ಗುಣ ಅದು. ಅದರ ಒಂದು ಮಗ್ಗುಲಲ್ಲಿ ಗಾಳಿ ಮೇಲಕ್ಕೆ ನುಗ್ಗುತ್ತಿದ್ದರೆ ಇನ್ನೊಂದು ಮಗ್ಗುಲಲ್ಲಿ ಮಳೆಯಿಂದ ತಣಿದು ಭಾರವಾದ ಗಾಳಿ ಧಸಕ್ಕನೆ ಕೆಳಗೆ ಬೀಳುತ್ತಿರುತ್ತದೆ. ಬಯಲಿನ ಮೇಲಾದರೆ ಬೀಳುವ ಗಾಳಿ ನೆಲಕ್ಕೆ ತಾಗಿ ಪಕ್ಕಕ್ಕೆ ಹರಡುವ ಮೊದಲು ಸಾವರಿಸಿಕೊಳ್ಳಲು ಒಂದಿಷ್ಟು ಎತ್ತರ ಉಳಿದಿರಬಹುದು. ಗುಡ್ಡದ ಮೇಲೆ ಆ ಎತ್ತರವೇ ಇರುವುದಿಲ್ಲ.

ಇಬ್ಬರು ಅನುಭವಿಗಳು ಒಂದೇ ಹಾಳೆಯ ಮೇಲೆ ಬಗ್ಗಿದ್ದಾಗ ಯಂತ್ರ ತನ್ನಷ್ಟಕ್ಕೆ ಹೋಗುತ್ತಿರುವುದು ಹೊಸದಲ್ಲ. 1972ರ ಡಿಸೆಂಬರಿನಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಸುಟ್ಟುಹೋದ ಒಂದು ಪುಟ್ಟ ಬಲ್ಬಿನ ಹಿಂದೆ ಇಡೀ ಸಿಬ್ಬಂದಿ ಬಿದ್ದಿದ್ದಾಗ ದೊಡ್ಡದೊಂದು ಪ್ರಯಾಣಿಕ ವಿಮಾನ ಸದ್ದಿಲ್ಲದೆ ಇಳಿದು ಜೌಗಿಗೆ ಬಿದ್ದು 101 ಜನ ಸತ್ತರು. ಅಲ್ಲಿ ಗುಡ್ಡವೂ ಇರಲಿಲ್ಲ, ಮೋಡವೂ ಇರಲಿಲ್ಲ.

ನನ್ನ ಊರು ಕಮಲಾಪುರದಲ್ಲಿ ಈ ಮಾತು ಬಂದಾಗೆಲ್ಲ ಹಿರಿಯರೊಬ್ಬರು ನನ್ನನ್ನು ಕೇಳುವ ಪ್ರಶ್ನೆ ಒಂದೇ: “ಅಟು ದೊಡ್ಡ ಗುಡ್ಡ ಅವರ ಕಣ್ಣಿಗಿ ಕಾಣಂಗಿಲ್ಲೇನ್ರಿ?” ನಗುವ ಪ್ರಶ್ನೆಯಲ್ಲ ಇದು. ಇಡೀ ಉಪನ್ಯಾಸ ಇದಕ್ಕೆ ಉತ್ತರ ಅಂದರೂ ನಡೆಯುತ್ತದೆ.

ಮೊದಲಿಗೆ, ಅಷ್ಟು ದೊಡ್ಡ ಗುಡ್ಡವೇ ಬೇಕಾಗಿಲ್ಲ. ನಮ್ಮ ಊರಿನಿಂದಲೇ ಲೆಕ್ಕ ಹಾಕಿ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಬೀದರ ನಗರ 700ರ ಆಸುಪಾಸು. ನಡುವೆ ಕಮಲಾಪುರದ ಘಾಟು, ಕೆಂಪು ಬಾಳೆಯ ತೋಟಗಳು, ಹುಮನಾಬಾದ್. ಬಸ್ಸಿನಲ್ಲಿ ಹೋಗುವವರಿಗೆ ಘಾಟಿನ ತಿರುವು ಬಿಟ್ಟರೆ ಏರು ಅನ್ನುವುದೇ ಗೊತ್ತಾಗುವುದಿಲ್ಲ. ಆದರೆ ನೆಲ 250 ಮೀಟರ್, ಅಂದರೆ 800 ಅಡಿ ಮೇಲಕ್ಕೆ ಬಂದಿರುತ್ತದೆ. ಶ್ರಾವಣದ ಒಂದು ಬೆಳಿಗ್ಗೆ ಮೋಡ ತಗ್ಗಿದೆ ಎಂದುಕೊಳ್ಳಿ. ಪೈಲಟ್ ಮೋಡದ ಕೆಳಗೇ ಇರೋಣ ಎಂದು ಕಲಬುರಗಿಯ ನೆಲದಿಂದ 1,000 ಅಡಿ ಎತ್ತರದಲ್ಲಿ ರಸ್ತೆ ಹಿಡಿದು ಬೀದರ ಕಡೆ ಹೊರಡುತ್ತಾನೆ. ಮುಳ್ಳು ಅಲ್ಲಾಡದ ಹಾಗೆ ಅದೇ ಎತ್ತರ ಕಾಯ್ದುಕೊಳ್ಳುತ್ತಾನೆ. ಬೀದರ ಮುಟ್ಟುವಾಗ ಅವನ ಕೆಳಗೆ ಉಳಿದಿರುವುದು 200 ಅಡಿ.

ಇನ್ನೂ ಒಂದು ಕುತ್ತು ಇದೆ. ವಿಮಾನದ ಎತ್ತರಮಾಪಕ ನಿಜವಾಗಿ ಅಳೆಯುವುದು ಗಾಳಿಯ ಒತ್ತಡವನ್ನು. ಒತ್ತಡ ಒಂದು ಮಿಲಿಬಾರ್ ಇಳಿದರೆ ಅದು ಸುಮಾರು 30 ಅಡಿ ಮೇಲೇರಿದೆವು ಎಂದು ತಿಳಿಯುತ್ತದೆ. ಹವೆ ಕೆಟ್ಟ ದಿನವೆಂದರೆ ಸಾಮಾನ್ಯವಾಗಿ ಒತ್ತಡ ತಗ್ಗಿದ ದಿನ. ಹೊರಡುವಾಗ ಹೊಂದಿಸಿದ ಅಂಕಿಯನ್ನು ದಾರಿಯಲ್ಲಿ ಬದಲಿಸದೆ ಹೋದರೆ, ಐದು ಮಿಲಿಬಾರಿನ ವ್ಯತ್ಯಾಸಕ್ಕೆ ಮಾಪಕ 150 ಅಡಿ ಹೆಚ್ಚಿಗೆ ತೋರಿಸುತ್ತದೆ. 200ರಲ್ಲಿ 150 ಕಳೆಯಿರಿ. ಉಳಿದ 50 ಅಡಿ ನಮ್ಮ ಹೊಲದ ಬೇವಿನ ಮರದಷ್ಟು. ಮೊಬೈಲ್ ಟವರು ಅದಕ್ಕಿಂತ ಎತ್ತರ. ನೋಡಿ, ಈ ಲೆಕ್ಕದಲ್ಲಿ ಎಲ್ಲೂ ಪರ್ವತ ಬರಲಿಲ್ಲ, ಯಂತ್ರ ಕೆಡಲಿಲ್ಲ, ಪೈಲಟ್ ಕುಡಿದಿರಲಿಲ್ಲ. ನಾವು ಗುಡ್ಡ ಎಂದು ಕರೆಯದ ಏರು, ನಾವು ಬಿರುಗಾಳಿ ಎಂದು ಕರೆಯದ ಮಬ್ಬು, ಇವೆರಡು ಸೇರಿದರೆ ಸಾಕು.

ಎರಡನೆಯದು ಕಿವಿಯ ವಿಷಯ. ಕಣ್ಣಿಗೆ ಮೋಡದ ಬಿಳುಪು ಬಿಟ್ಟು ಬೇರೇನೂ ಕಾಣದಿದ್ದಾಗ ದೇಹ ಒಳಗಿವಿಯ ಮಾತು ನಂಬುತ್ತದೆ. ಅಲ್ಲಿ ಮೂರು ಅರ್ಧವೃತ್ತದ ನಾಳಗಳಿವೆ, ಒಳಗೆ ದ್ರವ. ತಿರುಗಲು ಶುರು ಮಾಡಿದಾಗ ದ್ರವ ಹಿಂದೆ ಬೀಳುವುದರಿಂದ ತಿರುಗುತ್ತಿದ್ದೇವೆ ಎಂದು ತಿಳಿಯುತ್ತದೆ. ಅದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ ಸ್ವಲ್ಪ ಹೊತ್ತಿಗೆ ದ್ರವವೂ ಜೊತೆಗೂಡಿ, ನೆಟ್ಟಗೇ ಹೋಗುತ್ತಿದ್ದೇವೆ ಅನ್ನಿಸುತ್ತದೆ. ಆಗ ಮಾಪಕ ನೋಡಿ ವಿಮಾನವನ್ನು ನೆಟ್ಟಗೆ ಮಾಡಿದರೆ ಎದುರು ದಿಕ್ಕಿಗೆ ವಾಲಿದ ಹಾಗೆ ಭಾಸ. ಪೈಲಟ್ ತನ್ನ ಮೈ ಹೇಳಿದ್ದನ್ನು ಕೇಳಿ ಮತ್ತೆ ವಾಲಿಸುತ್ತಾನೆ; ವಾಲಿದ ವಿಮಾನ ಇಳಿಯುತ್ತದೆ; ಇಳಿಯುತ್ತಿದೆ ಎಂದು ಮೂತಿ ಎತ್ತಲು ಎಳೆದರೆ ಸುರುಳಿ ಇನ್ನೂ ಬಿಗಿಯಾಗುತ್ತದೆ. ಇದಕ್ಕೆ ವೈಮಾನಿಕರು ಇಟ್ಟಿರುವ ಹೆಸರು ಸ್ಮಶಾನದ ಸುರುಳಿ.

1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆ ಮಾಡಿಯೇ ನೋಡಿದರು. ಮಾಪಕ ನೋಡಿ ಹಾರಿಸುವ ಅಭ್ಯಾಸ ಇಲ್ಲದ ಇಪ್ಪತ್ತು ಪೈಲಟ್‌ಗಳನ್ನು ಆರಿಸಿ, ಹೊರಗಡೆ ಏನೂ ಕಾಣದ ಹಾಗೆ ಕಣ್ಣಿಗೆ ಮರೆ ಹಾಕಿ, ಪಕ್ಕದಲ್ಲಿ ಬೋಧಕನನ್ನು ಕೂರಿಸಿ ಹಾರಿಸಿದರು. ಇಪ್ಪತ್ತರಲ್ಲಿ ಇಪ್ಪತ್ತೂ ಜನ ಹಿಡಿತ ಕಳೆದುಕೊಂಡರು. ಹತ್ತೊಂಬತ್ತು ಜನ ಸುರುಳಿಗೆ ಬಿದ್ದರು, ಒಬ್ಬರು ಮೂತಿಯನ್ನು ತೀರ ಮೇಲೆತ್ತಿ ರೆಕ್ಕೆಯ ಆಸರೆ ಕಳೆದುಕೊಂಡರು. ಬೇಗ ಸೋತವರಿಗೆ ಹಿಡಿದದ್ದು 20 ಸೆಕೆಂಡು, ಹೆಚ್ಚು ತಾಳಿದವರಿಗೆ 8 ನಿಮಿಷ. ಸರಾಸರಿ 178 ಸೆಕೆಂಡು. ಈ 178 ಎಂಬ ಅಂಕಿಯನ್ನು ಹಾರಾಟ ಕಲಿಸುವ ಕಡೆಗಳಲ್ಲೆಲ್ಲ ಹೆದರಿಸಲು ಬಳಸುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಅದೇ ಪ್ರಯೋಗದ ಎರಡನೆಯ ಭಾಗ. ಅದನ್ನು ಯಾಕೋ ಯಾರೂ ಅಷ್ಟಾಗಿ ಹೇಳುವುದಿಲ್ಲ. ಅದೇ ಜನರಿಗೆ ಒಂದು ಸರಳ ವಿಧಾನ ಕಲಿಸಿದರು: ಗಾಬರಿಯಿಂದ ಹಿಡಿದೆಳೆಯಬೇಡ, ಚಕ್ರ ಇಳಿಸಿ ವೇಗ ತಗ್ಗಿಸು, ನಿಧಾನಕ್ಕೆ ಇಷ್ಟು ಹೊತ್ತು ತಿರುಗು, ಬಂದ ದಾರಿಗೆ ಮುಖ ಮಾಡು. ಆಮೇಲೆ ನಡೆದ 60 ಪರೀಕ್ಷೆಗಳಲ್ಲಿ 59 ಸಲ ಅವರು ಸುರಕ್ಷಿತವಾಗಿ ತಿರುಗಿ ಬಂದರು. ಮೋಡದೊಳಗೆ ಮುಂದೆ ಹೋಗುವುದನ್ನು ಕಲಿಯಲು ವರ್ಷಗಳು ಬೇಕು. ಹಿಂದೆ ಬರುವುದನ್ನು ಕಲಿಯಲು ಕೆಲವು ಪಾಠ ಸಾಕಾಯಿತು.

ಆದರೆ ತಿರುಗಲಿಕ್ಕೆ ಜಾಗ ಬೇಕು. ಗಂಟೆಗೆ 180 ಕಿಲೋಮೀಟರ್ ವೇಗದಲ್ಲಿ ಹೋಗುವ ನಾಲ್ಕು ಸೀಟಿನ ವಿಮಾನ ಮೂವತ್ತು ಡಿಗ್ರಿ ವಾಲಿ ಅರ್ಧ ಸುತ್ತು ಹಾಕಲು ಹತ್ತಿರಹತ್ತಿರ 900 ಮೀಟರ್ ಅಗಲ ಬೇಕು, ಅರ್ಧ ನಿಮಿಷ ಬೇಕು. ವೇಗವನ್ನು 130ಕ್ಕೆ ಇಳಿಸಿಕೊಂಡರೆ 460 ಮೀಟರ್ ಸಾಕು. ಕಣಿವೆಯ ಬಾಯಿ ಅಗಲ ಇರುತ್ತದೆ, ಒಳಗೆ ಹೋದಂತೆ ಗೋಡೆಗಳು ಹತ್ತಿರ ಬರುತ್ತವೆ, ನೆಲ ಏರುತ್ತದೆ, ಮೇಲೆ ಮೋಡದ ಮಾಡು. “ಇನ್ನೊಂದು ತಿರುವು ನೋಡೋಣ” ಎಂದು ಹೋದವನಿಗೆ ಆ ತಿರುವಿನಲ್ಲಿ ತಿರುಗುವಷ್ಟು ಅಗಲವೇ ಇರುವುದಿಲ್ಲ. ನಿರ್ಧಾರ ಮಾಡಬೇಕಾದದ್ದು ಎಲ್ಲ ಚೆನ್ನಾಗಿ ಕಾಣುತ್ತಿರುವಾಗ. ಎಲ್ಲ ಚೆನ್ನಾಗಿ ಕಾಣುತ್ತಿರುವಾಗ ಹಿಂದೆ ಬರುವ ಮನಸ್ಸು ಯಾರಿಗಿರುತ್ತದೆ?

ಈಗ ನೀಲಗಿರಿಗೆ ಬರೋಣ. ಬಡಗರ ಹಟ್ಟಿಗಳಿರುವ, ಕನ್ನಡದ ದಾಯಾದಿ ಮಾತು ಕೇಳುವ ಸೀಮೆ. 2021ರ ಡಿಸೆಂಬರ್ 8ರಂದು ಬೆಳಿಗ್ಗೆ 11.48ಕ್ಕೆ ಸೂಲೂರಿನಿಂದ ಹೊರಟ ವಾಯುಪಡೆಯ ಎಂಐ-17ವಿ5 ಹೆಲಿಕಾಪ್ಟರ್ 12.15ಕ್ಕೆ ವೆಲಿಂಗ್ಟನ್ ತಲುಪಬೇಕಿತ್ತು. 12.08ಕ್ಕೆ ಸಂಪರ್ಕ ತಪ್ಪಿತು. ಕೂನೂರಿನ ಹತ್ತಿರ ನಂಜಪ್ಪ ಸತ್ರಂ ಎಂಬಲ್ಲಿ ಬಿತ್ತು. ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಬಿಪಿನ್ ರಾವತ್, ಅವರ ಪತ್ನಿ ಸೇರಿ ಹದಿಮೂರು ಜನ ಅವತ್ತೇ ತೀರಿಕೊಂಡರು. ಹದಿನಾಲ್ಕನೆಯವರು ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್, ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲಿ ಒಂದು ವಾರ ಹೋರಾಡಿ ಡಿಸೆಂಬರ್ 15ರಂದು ಹೋದರು. ಇದು ಸಣ್ಣ ಯಂತ್ರವಲ್ಲ, ನಿಜ. ನಮ್ಮ ವಿಷಯಕ್ಕೆ ಇದು ಬೇಕಾಗುವುದು ಬೇರೆ ಕಾರಣಕ್ಕೆ. ಆಗ ಬೆಂಗಳೂರಿನ ತರಬೇತಿ ಕಮಾಂಡಿನ ಮುಖ್ಯಸ್ಥರಾಗಿದ್ದ, ಸ್ವತಃ ಹೆಲಿಕಾಪ್ಟರ್ ಪೈಲಟ್ ಆದ ಏರ್ ಮಾರ್ಷಲ್ ಮಾನವೇಂದ್ರ ಸಿಂಗ್ ಅವರ ನೇತೃತ್ವದ ತನಿಖೆ ಯಂತ್ರದ ದೋಷ, ವಿಧ್ವಂಸಕ ಕೃತ್ಯ, ನಿರ್ಲಕ್ಷ್ಯ ಮೂರನ್ನೂ ತಳ್ಳಿಹಾಕಿತು. ಕಣಿವೆಯಲ್ಲಿ ಹವೆ ಹಠಾತ್ತನೆ ಬದಲಾಗಿ ಹೆಲಿಕಾಪ್ಟರ್ ಮೋಡದೊಳಗೆ ಹೋಯಿತು, ಪೈಲಟ್‌ಗೆ ದಿಕ್ಕು-ಮಟ್ಟದ ಅರಿವು ತಪ್ಪಿತು, ಚೆನ್ನಾಗಿಯೇ ಓಡುತ್ತಿದ್ದ ಯಂತ್ರ ನೆಲಕ್ಕೆ ಬಡಿಯಿತು. ದೇಶದ ಅತ್ಯುತ್ತಮ ಸಿಬ್ಬಂದಿ, ಎರಡು ಇಂಜಿನ್ನಿನ ಗಟ್ಟಿ ಹೆಲಿಕಾಪ್ಟರ್. ಅಲ್ಲಿಯೇ ಹೀಗಾದರೆ ನಾಲ್ಕು ಸೀಟಿನ ಸೆಸ್ನಾದಲ್ಲಿ ಕುಳಿತ ಇಪ್ಪತ್ತರ ಹುಡುಗನ ಪಾಡೇನು?

ಹಠಾತ್ತನೆ ಅನ್ನುವುದಕ್ಕೆ ಒಂದು ಮಾತು. ಮೆಟ್ಟುಪಾಳ್ಯಂ ಬಯಲಿನಿಂದ ಕೂನೂರಿಗೆ ನೆಲ ಸುಮಾರು ಒಂದೂವರೆ ಕಿಲೋಮೀಟರ್ ಏರುತ್ತದೆ. ಗಾಳಿ ಒಂದು ಕಿಲೋಮೀಟರ್ ಏರಿದರೆ ಹತ್ತಿರಹತ್ತಿರ 10 ಡಿಗ್ರಿ ತಣಿಯುತ್ತದೆ. ಹಿಂಗಾರು ಮಳೆಯ ತೇವ ಹೊತ್ತ ಗಾಳಿ ಆ ಕಣಿವೆ ಹತ್ತುವಾಗ ದಾರಿಯಲ್ಲೇ ಮೋಡವಾಗುತ್ತದೆ. ಎಲ್ಲಿಂದಲೋ ತೇಲಿ ಬರುವ ಮೋಡವಾದರೆ ದೂರದಿಂದ ಕಂಡೀತು. ಇದು ಇದ್ದಲ್ಲೇ ಹುಟ್ಟುವ ಮೋಡ. ನಮ್ಮ ವಾಯುಪಡೆಯ ಭಾಷೆಯಲ್ಲಿ ಹೇಳುವುದಾದರೆ ಐದು ನಿಮಿಷದಲ್ಲಿ ವೆದರ್ ಪ್ಯಾಕಪ್.

ಅದೇ ನೀಲಗಿರಿಯಲ್ಲಿ, ಕೋಟಗಿರಿಯ ಆಚೆ, ಇರುಳರು ಪೂಜಿಸುವ ರಂಗಸ್ವಾಮಿ ಬೆಟ್ಟವಿದೆ. ಪಕ್ಕದಲ್ಲಿ ಒಂಟಿಯಾಗಿ ಎದ್ದು ನಿಂತ ಬಂಡೆಯ ಕಂಬ. 1950ರ ಡಿಸೆಂಬರ್ 13ರಂದು ಏರ್ ಇಂಡಿಯಾದ ಒಂದು ಡಿಸಿ-3 ಆ ಕಂಬದ ಹತ್ತಿರ ಬೆಟ್ಟಕ್ಕೆ ಬಡಿಯಿತು. ಪ್ರಯಾಣಿಕರಲ್ಲಿ ಒಬ್ಬರು ಅಬ್ರಹಾಂ ವಾಲ್ಡ್, ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞ. ಭಾರತ ಸರಕಾರದ ಆಹ್ವಾನದ ಮೇಲೆ ಉಪನ್ಯಾಸ ಕೊಡುತ್ತ ದೇಶ ತಿರುಗುತ್ತಿದ್ದರು. ಜೊತೆಯಲ್ಲಿದ್ದ ಹೆಂಡತಿಯೂ ಹೋದರು. ಅವರಿಗೆ ಆಗ 48 ವರ್ಷ.

ಈ ವಾಲ್ಡ್ ಯಾರೆಂದು ಹೇಳಿದರೆ ನಾನು ಅವರನ್ನು ಗಾಜಿಪುರದವರೆಗೆ ಯಾಕೆ ತಂದೆ ಎಂದು ತಿಳಿಯುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಶತ್ರುಗಳ ಗುಂಡು ತಿಂದು ಹಿಂದಿರುಗಿದ ಬಾಂಬರ್ ವಿಮಾನಗಳ ತೂತುಗಳ ಲೆಕ್ಕವನ್ನು ಸೇನೆಯವರು ಇಟ್ಟಿದ್ದರು. ಎಲ್ಲಿ ಹೆಚ್ಚು ತೂತು ಬಿದ್ದಿದೆಯೋ ಅಲ್ಲಿ ಕಬ್ಬಿಣದ ಹೊದಿಕೆ ಹಾಕಬೇಕು ಎಂಬುದು ಯಾರಿಗಾದರೂ ಹೊಳೆಯುವ ಮಾತು. ವಾಲ್ಡ್ 1943ರಲ್ಲಿ ಬರೆದ ಟಿಪ್ಪಣಿಗಳ ತಿರುಳು ಬೇರೆ. ನಿಮ್ಮ ಮುಂದೆ ಇರುವುದು ತಿರುಗಿ ಬಂದ ವಿಮಾನಗಳು ಮಾತ್ರ. ಅವು ಅಲ್ಲಿ ಏಟು ತಿಂದೂ ಬಂದಿವೆ ಅಂದರೆ ಆ ಜಾಗ ಏಟು ತಡೆಯುತ್ತದೆ ಎಂದು ಅರ್ಥ. ಇಂಜಿನ್ನಿನ ಹತ್ತಿರ ತೂತು ಕಾಣುತ್ತಿಲ್ಲವಾದರೆ ಅಲ್ಲಿ ಗುಂಡು ಬೀಳುವುದಿಲ್ಲವೆಂದಲ್ಲ, ಬಿದ್ದವು ಬರಲಿಲ್ಲ. (ರೆಕ್ಕೆ ತುಂಬ ಕೆಂಪು ಚುಕ್ಕೆ ಇರುವ ವಿಮಾನದ ಚಿತ್ರವೊಂದು ನಿಮ್ಮ ಮೊಬೈಲಿಗೂ ಬಂದಿರಬಹುದು. ಅದು ಈಚಿನವರು ಬರೆದದ್ದು. ವಾಲ್ಡ್ ಬರೆದದ್ದು ಕಡುಕಷ್ಟದ ಗಣಿತ.)

ತಿರುಗಿ ಬಂದವರ ಲೆಕ್ಕವನ್ನಷ್ಟೇ ನೋಡಿ ಮೋಸ ಹೋಗಬೇಡಿ ಎಂದು ಲೋಕಕ್ಕೆ ಕಲಿಸಿದ ಮನುಷ್ಯ ನಮ್ಮ ಬೆಟ್ಟದಲ್ಲಿ ತಿರುಗಿ ಬಾರದವರ ಪಟ್ಟಿಗೆ ಸೇರಿದರು. ಇದು ವಿಧಿಯ ಅಣಕ ಎಂದು ನಿಟ್ಟುಸಿರು ಬಿಡಲು ನಾನು ಹೇಳುತ್ತಿಲ್ಲ. ಮೋಡ-ಗುಡ್ಡದ ಅಪಘಾತಗಳು ಯಾಕೆ ನಿಲ್ಲುತ್ತಿಲ್ಲ ಎಂಬುದಕ್ಕೆ ನನಗೆ ಗೊತ್ತಿರುವ ಒಳ್ಳೆಯ ವಿವರಣೆ ಅವರ ಆ ಟಿಪ್ಪಣಿಗಳಲ್ಲೇ ಇದೆ. ಹವಾಮಾನದ ಕಟ್ಟೆಯ ಮುಂದೆ ನಿಂತು ನಾನು ಕೇಳಿದ ಕಥೆಗಳೆಲ್ಲ ಒಂದೇ ಜಾತಿಯವು. “ಅವತ್ತು ಏನೂ ಕಾಣ್ತಿರಲಿಲ್ಲ, ಆದರೂ ನದಿ ಹಿಡಿದು ಹೋಗಿ ಇಳಿಸಿಬಿಟ್ಟೆ.” ಹೇಳುವವರು ಹಿರಿಯರು, ಕೇಳುವವರು ಹೊಸಬರು, ಚಹಾ ಆರುತ್ತಿರುತ್ತದೆ. ಆ ಕಥೆ ಸುಳ್ಳಲ್ಲ. ಅದೇ ನದಿ ಹಿಡಿದು ಹೋಗಿ ಇಳಿಸಲಾಗದವನು ಚಹಾಕ್ಕೆ ಬಂದು ತನ್ನ ಕಥೆ ಹೇಳುವುದಿಲ್ಲ, ಅಷ್ಟೆ. ಇನ್ನು ಮೂರನೆಯವನೊಬ್ಬ ಇರುತ್ತಾನೆ. ಮೋಡ ನೋಡಿ ಅರ್ಧದಿಂದ ಹಿಂದೆ ಬಂದವನು. ಅವನು ಬದುಕಿದ್ದಾನೆ, ಅಲ್ಲೇ ಮೂಲೆಯಲ್ಲಿ ಕುಳಿತಿದ್ದಾನೆ, ಆದರೆ ಅವನ ಬಳಿ ಹೇಳುವಂಥ ಕಥೆಯೇ ಇಲ್ಲ. ಹೋದೆ, ಬಂದೆ. ಅದನ್ನು ಯಾರು ಕೇಳುತ್ತಾರೆ?

ಹೀಗೆ ಗೆದ್ದವನ ಅನುಭವ ಪಾಠವಾಗುತ್ತದೆ, ಸತ್ತವನದು ಸುದ್ದಿಯಾಗುತ್ತದೆ, ಹಿಂದೆ ಬಂದವನದು ಎಲ್ಲೂ ದಾಖಲಾಗುವುದಿಲ್ಲ.

ಇದರಲ್ಲಿ ಪ್ರಯಾಣಿಕರ ಪಾಲೂ ಇದೆ. ಅದನ್ನು ಹೇಳದೆ ಪೈಲಟ್‌ಗಳನ್ನಷ್ಟೇ ಬೈದರೆ ಅನ್ಯಾಯ. ಸಣ್ಣ ವಿಮಾನದಲ್ಲಿ ಪ್ರಯಾಣಿಕ ಪೈಲಟ್‌ನ ಭುಜದ ಹಿಂದೆಯೇ ಕುಳಿತಿರುತ್ತಾನೆ, ಅವನ ಗಡಿಯಾರ ಪೈಲಟ್‌ಗೆ ಕಾಣುತ್ತಿರುತ್ತದೆ. 2001ರ ಸೆಪ್ಟೆಂಬರ್ 30ರಂದು ಕಾನ್ಪುರದ ಸಭೆಗೆ ಹೊರಟ ಮಾಧವರಾವ್ ಸಿಂಧಿಯಾ ಅವರ ಪುಟ್ಟ ವಿಮಾನ ಕೆಟ್ಟ ಹವೆಯಲ್ಲಿ ಮೈನ್‌ಪುರಿ ಹತ್ತಿರ ಬಿತ್ತು. ಐದು ತಿಂಗಳ ನಂತರ, 2002ರ ಮಾರ್ಚ್ 3ರಂದು ಲೋಕಸಭೆಯ ಸ್ಪೀಕರ್ ಜಿ.ಎಂ.ಸಿ. ಬಾಲಯೋಗಿ ಅವರ ಹೆಲಿಕಾಪ್ಟರ್ ಕೈಕಲೂರಿನ ಹತ್ತಿರ, ಗುಡ್ಡವೇ ಇಲ್ಲದ ಕೃಷ್ಣಾ ಸೀಮೆಯಲ್ಲಿ. 2011ರ ಏಪ್ರಿಲ್ 30ರಂದು ಅರುಣಾಚಲದ ಮುಖ್ಯಮಂತ್ರಿ ದೋರ್ಜಿ ಖಂಡು ತವಾಂಗ್‌ನಿಂದ ಹೊರಟವರು. ಅವಶೇಷ ಸಿಕ್ಕಿದ್ದು ಮೇ 4ರಂದು. ಈ ಯಾರೂ ಪೈಲಟ್‌ಗೆ “ಹೋಗಲೇಬೇಕು” ಅಂದರು ಎಂದು ನಾನು ಹೇಳುತ್ತಿಲ್ಲ. ಯಾರೂ ಅನ್ನಬೇಕಾಗಿಯೂ ಇಲ್ಲ. ಪೆಂಡಾಲು ಹಾಕಿದೆ, ಜನ ಕೂತಿದ್ದಾರೆ, ಹಾರ ಬಾಡುತ್ತಿದೆ. ಪೈಲಟ್‌ಗೆ ಇಷ್ಟು ಗೊತ್ತಿದ್ದರೆ ಸಾಕು.

ನಾವು ಸಾಮಾನ್ಯರೂ ಈ ಆಟದಿಂದ ಹೊರಗಿಲ್ಲ. ಕೇದಾರಕ್ಕೆ ನಮ್ಮ ಭಾಗದ ಜನ ಹೋಗದ ವರ್ಷವಿಲ್ಲ. ಅದು ಪಂಚಪೀಠಗಳಲ್ಲಿ ಒಂದು, ಅಲ್ಲಿನ ರಾವಲರು ಕರ್ನಾಟಕದ ವೀರಶೈವ ಪರಂಪರೆಯವರು. ಮೊದಲು ಕಾಲಿನಲ್ಲಿ, ಡೋಲಿಯಲ್ಲಿ ಹೋಗುತ್ತಿದ್ದೆವು. ಈಗ ಹತ್ತು ನಿಮಿಷದ ಹೆಲಿಕಾಪ್ಟರ್. 2022ರ ಅಕ್ಟೋಬರ್ 18ರಂದು ಗರುಡಚಟ್ಟಿ ಹತ್ತಿರ ಬೆಲ್ 407 ಹೆಲಿಕಾಪ್ಟರ್ ಬಿದ್ದು ಏಳು ಜನ ಹೋದರು. 2025ರ ಜೂನ್ 15ರ ಬೆಳಗಿನ ಜಾವ ಗೌರಿಕುಂಡದ ಹತ್ತಿರ ಮತ್ತೊಂದು ಬೆಲ್ 407, ಮತ್ತೆ ಏಳು ಜನ, ಒಂದು ಮಗುವೂ ಸೇರಿ. ಒಂದೇ ಇಂಜಿನ್ನಿನ ಯಂತ್ರ, ಇಕ್ಕಟ್ಟಾದ ಕಣಿವೆ, ಕಣ್ಣಳತೆಯ ಮೇಲೆ ಹಾರಾಟ, ಕೆಳಗೆ ಮುಂದಿನ ತಂಡದ ಸಾಲು. ಗಾಳಿಯ ವಿಷಯವನ್ನೂ ಸೇರಿಸಿ: ಹಳ್ಳದ ನೀರು ಬಂಡೆ ಹತ್ತಿ ಆಚೆ ಬದಿ ಸುಳಿಯಾಗಿ ಬೀಳುವಂತೆ ಬೀಸುಗಾಳಿ ಏಣು ದಾಟಿದ ಮೇಲೆ ಕೆಳಗೆ ಧುಮುಕುತ್ತದೆ; ಏಣಿನ ಮರೆಯಲ್ಲಿ ತಗ್ಗಿ ಹಾರುವವನಿಗೆ ಅದು ಮುಂಚೆ ಕಾಣುವುದಿಲ್ಲ. ಹವೆ ಸರಿಯಿಲ್ಲ, ಇವತ್ತು ಹಾರಾಟ ರದ್ದು ಅಂದರೆ ಕೌಂಟರಿನ ಮುಂದೆ ಜಗಳ ಮಾಡುವವರು ನಾವೇ. ರೈಲು ಟಿಕೆಟ್ ಬುಕ್ ಆಗಿದೆ, ರಜೆ ಮುಗಿಯುತ್ತದೆ, ದುಡ್ಡು ವಾಪಸು ಕೊಡ್ರಿ.

ಯಂತ್ರಗಳೇನೂ ಸುಮ್ಮನೆ ಕೂತಿಲ್ಲ. ಕೆನಡಾ ಮೂಲದ ಇಂಜಿನಿಯರ್ ಡಾನ್ ಬೇಟ್‌ಮನ್, ನೆಲ ಹತ್ತಿರ ಬರುತ್ತಿದೆ ಎಂದು ಕೂಗಿ ಎಚ್ಚರಿಸುವ ಉಪಕರಣ ಮಾಡಿದರು. 1974ರಲ್ಲಿ ವಾಷಿಂಗ್ಟನ್ ಹತ್ತಿರ ಒಂದು ಬೋಯಿಂಗ್ ಬೆಟ್ಟಕ್ಕೆ ಬಡಿದು 92 ಜನ ಸತ್ತ ಮೇಲೆ ಅಮೆರಿಕ ಅದನ್ನು ದೊಡ್ಡ ವಿಮಾನಗಳಿಗೆ ಕಡ್ಡಾಯ ಮಾಡಿತು. ಮುಂದೆ ಇಡೀ ಭೂಮಿಯ ಏರುತಗ್ಗಿನ ನಕ್ಷೆಯನ್ನೇ ಅದರೊಳಗೆ ತುಂಬಿಸಿದರು. ದೊಡ್ಡ ವಿಮಾನಗಳು ಗುಡ್ಡಕ್ಕೆ ಬಡಿಯುವುದು ಈಗ ಅಪರೂಪವಾಗಿದ್ದರೆ ಆ ಪುಣ್ಯಾತ್ಮ ದೊಡ್ಡ ಕಾರಣ. ಸಣ್ಣ ವಿಮಾನಗಳಿಗೆ ಆ ಭಾಗ್ಯ ಪೂರ್ತಿ ಇಳಿದು ಬಂದಿಲ್ಲ. ಬಿದ್ದ ಮೇಲೆ ಹುಡುಕುವ ವ್ಯವಸ್ಥೆಯಂತೂ ನಮ್ಮ ರಾಜ್ಯದಲ್ಲೇ ಇದೆ: ಅಪಘಾತದಲ್ಲಿ ತಾನಾಗಿ ಸಂಕೇತ ಕಳಿಸುವ ಪೆಟ್ಟಿಗೆಯ ದನಿಯನ್ನು ಉಪಗ್ರಹ ಕೇಳಿಸಿಕೊಂಡರೆ ಅದು ಬರುವುದು ಬೆಂಗಳೂರಿನ ಇಸ್ರೋ ಕೇಂದ್ರಕ್ಕೆ. ಹಳೆಯ 121.5 ಮೆಗಾಹರ್ಟ್ಸ್ ಸಂಕೇತವನ್ನು ಉಪಗ್ರಹಗಳು ಕೇಳುವುದನ್ನು 2009ರ ಫೆಬ್ರವರಿ 1ರಿಂದ ನಿಲ್ಲಿಸಿವೆ. ಈಗ 406 ಮೆಗಾಹರ್ಟ್ಸ್ ಪೆಟ್ಟಿಗೆಯೇ ಬೇಕು.

ಇದೆಲ್ಲ ಕಲಬುರಗಿಗೆ ಯಾಕೆ? 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಹಾರಾಟ ತರಬೇತಿಗೆಂದು ದೇಶದಲ್ಲಿ ಐದು ನಿಲ್ದಾಣಗಳನ್ನು ಆರಿಸಿತು. ಬೆಳಗಾವಿ, ಜಲಗಾಂವ್, ಖಜುರಾಹೊ, ಅಸ್ಸಾಮಿನ ಲೀಲಾಬರಿ, ಮತ್ತು ನಮ್ಮ ಕಲಬುರಗಿ. ಬೀದರಿನಲ್ಲಿ ವಾಯುಪಡೆಯ ತರಬೇತಿ ಮೊದಲಿಂದ ಇದ್ದದ್ದೇ. ನಮ್ಮ ಹೊಲದ ಮೇಲೆ ಗುಂಯ್‌ಗುಡುವ ಪುಟ್ಟ ವಿಮಾನಗಳಲ್ಲಿ ಈಗ ಕುಳಿತಿರುವವರು ನಾಳೆ ಎಲ್ಲೆಲ್ಲಿಗೋ ಹೋಗುತ್ತಾರೆ. ಬಯಲಿನಲ್ಲಿ ಕಲಿತವರಿಗೆ ಗುಡ್ಡದ ಪಾಠ ಹೇಗೆ ಎಂದು ಒಬ್ಬ ತಂದೆ ನನ್ನನ್ನು ಕೇಳಿದರು. ನಮ್ಮ ಬಿಸಿಲೇ ಒಂದು ಗುಡ್ಡ, ಸ್ವಾಮಿ. ಗಾಳಿ ಕಾದಷ್ಟೂ ತೆಳುವಾಗುತ್ತದೆ, ರೆಕ್ಕೆಗೆ ಆಸರೆ ಕಡಿಮೆ, ಇಂಜಿನ್ನಿಗೆ ಉಸಿರು ಕಡಿಮೆ. ಕಲಬುರಗಿಯ ಎತ್ತರಕ್ಕೆ ಪುಸ್ತಕದ ಪ್ರಕಾರ ಇರಬೇಕಾದ ಉಷ್ಣತೆ 12 ಡಿಗ್ರಿ. ಮೇ ತಿಂಗಳ ಮಧ್ಯಾಹ್ನ 42 ಆದರೆ 30 ಡಿಗ್ರಿ ಹೆಚ್ಚು. ಒಂದು ಡಿಗ್ರಿಗೆ ಸುಮಾರು 120 ಅಡಿಯಂತೆ 3,600 ಅಡಿ ಸೇರಿಸಿ. ನೆಲದ ಮೇಲೆ ನಿಂತ ವಿಮಾನಕ್ಕೆ ತಾನು 5,000 ಅಡಿಯ ಮೇಲೆ, ಮಡಿಕೇರಿ ಬೆಟ್ಟಕ್ಕಿಂತ ಎತ್ತರದಲ್ಲಿ ನಿಂತ ಹಾಗೆ. ಈ ಲೆಕ್ಕವನ್ನು ಇಲ್ಲಿ ಮೈಗೂಡಿಸಿಕೊಂಡ ಹುಡುಗಿ ಮುಂದೆ ಕುಲು ಕಣಿವೆಯಲ್ಲಿ ತನ್ನ ಯಂತ್ರ ಯಾಕೆ ಏರುತ್ತಿಲ್ಲ ಎಂದು ಗಾಬರಿ ಬೀಳುವುದಿಲ್ಲ.

ಕೊನೆಗೆ ಒಂದು ಸಲಹೆ. ಅಮೆರಿಕದಲ್ಲಿ 1976ರಿಂದ ನಾಸಾ ಸಂಸ್ಥೆ ಒಂದು ಪದ್ಧತಿ ನಡೆಸುತ್ತಿದೆ. ಅಪಘಾತ ಆಗಲಿಲ್ಲ, ಆದರೆ ಆಗುವುದರಲ್ಲಿತ್ತು ಎಂಬಂಥ ಘಟನೆಗಳನ್ನು ಪೈಲಟ್‌ಗಳು ತಾವಾಗಿ ಬರೆದು ಕಳಿಸುತ್ತಾರೆ, ಬರೆದವರ ಹೆಸರು ಹೊರಗೆ ಬರುವುದಿಲ್ಲ. ಅಷ್ಟು ದೊಡ್ಡದು ನಮಗೆ ಬೇಡ. ಸರಡಗಿಯ ತರಬೇತಿ ಶಾಲೆಗಳಲ್ಲಿ, ಚುನಾವಣೆ ಬಂದಾಗ ಕಾಲೇಜು ಮೈದಾನಗಳಲ್ಲಿ ಹೆಲಿಪ್ಯಾಡ್ ಮಾಡುವ ನಮ್ಮ ಲೋಕೋಪಯೋಗಿ ಕಚೇರಿಯಲ್ಲಿ, ಒಂದೊಂದು ಉದ್ದನೆಯ ರಿಜಿಸ್ಟರು ಇಡಲಿ. ಅದರಲ್ಲಿ ಬರೆಯಬೇಕಾದದ್ದು ಹವೆ ನೋಡಿ ಹೊರಡದೆ ಉಳಿದ, ಅಥವಾ ಅರ್ಧದಿಂದ ತಿರುಗಿ ಬಂದ ಹಾರಾಟಗಳನ್ನು ಮಾತ್ರ. ತಾರೀಖು, ಎಲ್ಲಿಂದ ಎಲ್ಲಿಗೆ, ಎಲ್ಲಿ ತಿರುಗಿದರು, ಆಗ ಮೋಡದ ತಳ ಎಷ್ಟು ಅಡಿ, ಎಷ್ಟು ದೂರ ಕಾಣುತ್ತಿತ್ತು, ಮುಂದೆ ರಸ್ತೆಯಲ್ಲಿ ಹೋದರೆ ಎಷ್ಟು ತಾಸು ತಡವಾಯಿತು. ಹೊಸ ವಿದ್ಯಾರ್ಥಿಗಳಿಗೆ ಮೊದಲ ವಾರ ಅದನ್ನು ಓದಲು ಕೊಡಲಿ. ಕಟ್ಟಕಡೆಗೆ ಇನ್ನೊಂದು ಕಲಂ ಇರಲಿ: ಪ್ರಯಾಣಿಕರು ಏನಂದರು. ಬೈಗುಳವಿದ್ದರೆ ಬೈಗುಳವನ್ನೇ ಬರೆಯಲಿ, ತಿದ್ದುವುದು ಬೇಡ.